ಬಿಚ್ಚಿ ಕೂಡಿಸಿದ ಸಿಪಾಯಿ

ಕಳೆದ ನವರಾತ್ರಿಯಲ್ಲಿ ಡೊಂಬಿವಲಿಯ ನಮ್ಮ ಮನೆಯ ಬೊಂಬೆ ಮೆಟ್ಟಿಲಿನಲ್ಲಿ, ಪಟ್ಟದ ಬೊಂಬೆಗಳಿಗಿಂತ ಎರಡು ಮೆಟ್ಟಿಲು ಕೆಳಗೆ, ಹನ್ನೆರಡು ವರ್ಷದ ಮೊಮ್ಮಗ ಒಬ್ಬ ಪ್ಲಾಸ್ಟಿಕ್ ಸಿಪಾಯಿಯನ್ನು ನಿಲ್ಲಿಸಿದ. ತಲೆ ಒಂದು ಬೊಂಬೆಯದು, ಮೈ ಇನ್ನೊಂದರದು, ಬಣ್ಣ ಮಾತ್ರ ಅವನದು. ನೋಡಲು ಬಂದ ಹಿರಿಯರೊಬ್ಬರು, "ಒಳ್ಳೆಯ ಆಟಿಕೆಯನ್ನು ಕೆಡಿಸಿ ದೇವರ ಮುಂದೆ ಇಟ್ಟಿದ್ದೀರಲ್ಲ" ಎಂದರು. ಅಂದು ನಕ್ಕು ಸುಮ್ಮನಾದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಸಿಪಾಯಿ ಮೂಲತಃ ಅಮೆರಿಕದ ಜಿ.ಐ. ಜೋ. 1964ರಲ್ಲಿ ಹನ್ನೆರಡು ಅಂಗುಲದ ಬೊಂಬೆಯಾಗಿ ಹುಟ್ಟಿ, 1982ರಲ್ಲಿ ನಾಲ್ಕು ಅಂಗುಲಕ್ಕಿಂತ ತುಸು ಕಡಿಮೆ ಎತ್ತರಕ್ಕೆ ಇಳಿದವನು. ನಮ್ಮ ದೇಶದಲ್ಲಿ ಅವನನ್ನು ಫನ್‌ಸ್ಕೂಲ್ ಸಂಸ್ಥೆ ತಯಾರಿಸಿತು. ಮೂಲದಲ್ಲಿಲ್ಲದ ಬಣ್ಣಗಳಿಂದಾಗಿಯೇ ಇಲ್ಲಿನ ಬೊಂಬೆಗಳನ್ನು ಹೊರದೇಶದ ಸಂಗ್ರಾಹಕರು ಹುಡುಕುತ್ತಾರೆ. ಅಂದರೆ, ಬಣ್ಣ ಬದಲಿಸುವ 'ಅಪರಾಧ'ವನ್ನು ಮೊದಲು ಎಸಗಿದ್ದು ಕಾರ್ಖಾನೆಯೇ.

ಈ ಬೊಂಬೆಯ ಬೆನ್ನಿನಲ್ಲಿ ಒಂದು ಸ್ಕ್ರೂ ಇದೆ. ಬಿಚ್ಚಿದರೆ ಮುಂಡ ಎರಡು ಹೋಳಾಗಿ ತಲೆಯೂ ತೋಳುಗಳೂ ಕೈಗೆ ಬರುತ್ತವೆ. ಸೊಂಟವನ್ನೂ ಕಾಲುಗಳನ್ನೂ ಹಿಡಿದಿಡುವುದು ಒಳಗಿನ ರಬ್ಬರ್ ಉಂಗುರ. ಹಳತಾದಾಗ ಅದು ಹರಿದು ಸಿಪಾಯಿ ನಡುವಿನಲ್ಲೇ ಎರಡಾಗುತ್ತಾನೆ. ಚೋರ್ ಬಜಾರಿನ ಶುಕ್ರವಾರದ ಸಂತೆಯಲ್ಲಿ ನಮಗೆ ಸಿಕ್ಕಿದ್ದು ಇಂಥ ಮೂರು ಅರೆಬರೆ ದೇಹಗಳು. ಹೊಸ ಉಂಗುರ ಹಾಕಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಅಕ್ರಿಲಿಕ್ ಬಣ್ಣ ಬಳಿದೆವು. ದಪ್ಪ ಬಳಿದರೆ ಕೀಲುಗಳಲ್ಲಿ ಉಜ್ಜಿ ಕಿತ್ತುಬರುತ್ತದೆ ಎಂಬುದು ಮೊದಲ ತೋಳು ಕೆಟ್ಟ ಮೇಲೆ ತಿಳಿಯಿತು.

ಹುಡುಗನಿಗೆ ಮೈಸೂರಿನ ಸಿಪಾಯಿ ಬೇಕಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಪಡೆಯವನು. ದೆಹಲಿಯ ತೀನ್ ಮೂರ್ತಿಗಳಲ್ಲಿ ಒಂದು ಮೈಸೂರಿನ ಹೆಸರಿನಲ್ಲೇ ನಿಂತಿದೆ. ಹೆಲ್ಮೆಟ್ಟಿನ ತಲೆ ತೆಗೆದು ಬರಿದಲೆ ಕೂಡಿಸಿ, ಪುಟ್ಟಿಯಿಂದ ರುಮಾಲು ಸುತ್ತಿದೆವು. ಬಂದೂಕಿನ ಬದಲು ಬಿದಿರುಕಡ್ಡಿಯ ಭರ್ಜಿ ಕೊಟ್ಟೆವು. ಖಾಕಿ ಬಳಿಯುತ್ತಿದ್ದವನು ಕುಂಚ ನಿಲ್ಲಿಸಿ ಕೇಳಿದ: "ಅಜ್ಜಾ, ಇವರು ಯಾರ ಪರವಾಗಿ ಹೋರಾಡಿದ್ದು?"

"ಬ್ರಿಟಿಷರ ಪರವಾಗಿ, ತುರ್ಕರ ವಿರುದ್ಧ."

"ಹಾಗಾದರೆ ಇವನು ನಮ್ಮವನೇ?"

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಸಾಮ್ರಾಜ್ಯದ ಯುದ್ಧ, ಮೈಸೂರಿನ ಪಡೆ, ಸತ್ತವರು ನಮ್ಮೂರಿನವರು. ಅಂದು ಊಟದ ಹೊತ್ತಿನವರೆಗೂ ಅದೇ ಮಾತು ನಡೆಯಿತು.

ಸಿಪಾಯಿಗಳ ಆಟಿಕೆ ಮಕ್ಕಳಲ್ಲಿ ಯುದ್ಧದ ಹುಚ್ಚು ಹತ್ತಿಸುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೆ ಅಂಗಡಿಯಿಂದ ಸಿದ್ಧವಾಗಿ ಬರುವ ಸಿಪಾಯಿಯ ಜೊತೆಗೆ ಅವನ ಶತ್ರುವೂ ಸಿದ್ಧವಾಗಿಯೇ ಬರುತ್ತಾನೆ. ಮಗುವಿಗೆ ಕೇಳಲು ಏನೂ ಉಳಿಯುವುದಿಲ್ಲ. ಬಿಚ್ಚಿ ಕೂಡಿಸುವವನು ತಲೆಯುಡುಗೆ, ಆಯುಧ, ಬಣ್ಣ ಎಲ್ಲವನ್ನೂ ತಾನೇ ನಿರ್ಧರಿಸಬೇಕು, ನಿರ್ಧರಿಸಲು ವಿಚಾರಿಸಬೇಕು. ಕೆಡಿಸಿದ್ದು ಎಂದು ಹಿರಿಯರು ಕರೆದದ್ದು ಈ ವಿಚಾರಣೆಯನ್ನೇ. ನನ್ನ ಷರತ್ತು ಒಂದೇ: ಕೂಡಿಸಿದ್ದನ್ನು ಮೂಲವೆಂದು ಹೇಳಿ ಯಾರಿಗೂ ಮಾರಬಾರದು.

ದೀಪಾವಳಿಗೆ ಕಟ್ಟಡದ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟಿದಾಗ, ನಮ್ಮ ಮೈಸೂರಿನವನು ಶಿವಾಜಿಯ ಮಾವಳೆಗಳ ಪಕ್ಕದಲ್ಲಿ ಕಾವಲು ನಿಂತ. ಯಾರೂ ಅವನನ್ನು ಹೊರಗಿನವನೆನ್ನಲಿಲ್ಲ. ಸವಾರನಿಗೆ ಕುದುರೆ ಎಲ್ಲಿ ಎಂದು ಮಾತ್ರ ಕೇಳಿದರು. ಶುಕ್ರವಾರಗಳಲ್ಲಿ ಹುಡುಕುತ್ತಿದ್ದೇವೆ.