ಮರಳಿ ಬಂದವರಿಗೆ ಮನೆಯುಂಟು, ಮತವಿಲ್ಲ

ದುಬೈನಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿರುವ ಮಂಗಳೂರಿನವರೊಬ್ಬರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು, ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದರೆ, ಚುನಾವಣೆಯ ದಿನ ಊರಿಗೆ ಬಂದು ಮತ ಹಾಕಬಹುದು. ಅಮೆರಿಕದ ಪೌರತ್ವ ಪಡೆದು, ನಿವೃತ್ತಿಯ ನಂತರ ಮೈಸೂರಿನಲ್ಲಿ ಮನೆ ಕಟ್ಟಿಸಿ, ಹತ್ತು ವರ್ಷದಿಂದ ಅಲ್ಲೇ ಇರುವವರಿಗೆ ಆ ಹಕ್ಕಿಲ್ಲ. ಮರಳಿ ಬಂದು ನೆಲೆಸಲು ಹೊರಟ ಅನೇಕರಿಗೆ ಇದು ಅನ್ಯಾಯದಂತೆ ಕಾಣುತ್ತದೆ. ಕೆಲವು ಕಾನೂನುಗಳು ನೀವೆಲ್ಲಿ ವಾಸವಾಗಿದ್ದೀರಿ ಎಂದು ಕೇಳುತ್ತವೆ, ಕೆಲವು ನೀವು ಯಾವ ದೇಶದ ಪ್ರಜೆ ಎಂದು ಮಾತ್ರ ಕೇಳುತ್ತವೆ. ಯಾವುದು ಯಾವ ಪ್ರಶ್ನೆ ಕೇಳುತ್ತದೆ ಎಂದು ತಿಳಿದುಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ಭಾರತದಲ್ಲಿ ಇಬ್ಬಗೆಯ ಪೌರತ್ವವಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. ಅರ್ಜಿ ಬೇಕಿಲ್ಲ, ಆದೇಶವೂ ಬೇಕಿಲ್ಲ. ಹಳೆಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಅದನ್ನು ಹಿಡಿದು ಪ್ರಯಾಣಿಸುವುದು ಅಪರಾಧ. ಅಂಥವರಿಗಾಗಿ 2006ರಿಂದ ಕೊಡುತ್ತಿರುವುದೇ ಒಸಿಐ ಕಾರ್ಡ್. ಇದನ್ನು ಪಡೆದವರು ಜೀವನಪರ್ಯಂತ ವೀಸಾ ಇಲ್ಲದೆ ಬರಬಹುದು, ಎಷ್ಟು ಕಾಲವಾದರೂ ಇರಬಹುದು, ಖಾಸಗಿ ನೌಕರಿ ಮಾಡಬಹುದು, ಮನೆ, ನಿವೇಶನ ಕೊಳ್ಳಬಹುದು. ಮತದಾನ, ಚುನಾವಣಾ ಸ್ಪರ್ಧೆ ಮತ್ತು ಸಾಮಾನ್ಯವಾಗಿ ಸರ್ಕಾರಿ ನೌಕರಿ ಅವರಿಗಿಲ್ಲ. ಹಳ್ಳಿಗೆ ಮರಳಿದವರು ಗ್ರಾಮಸಭೆಯ ಸದಸ್ಯರೂ ಆಗುವುದಿಲ್ಲ. ಅದರ ಸದಸ್ಯತ್ವ ನಿಂತಿರುವುದು ಮತದಾರರ ಪಟ್ಟಿಯ ಮೇಲೆ.

ಜಮೀನಿನ ವಿಷಯದಲ್ಲಿ ಎಡವುವವರು ಹೆಚ್ಚು. ಕೃಷಿಕರಲ್ಲದವರ ಮೇಲಿದ್ದ ನಿರ್ಬಂಧವನ್ನು ಕರ್ನಾಟಕ ಸರ್ಕಾರ 2020ರಲ್ಲಿ ತೆಗೆದುಹಾಕಿತು. ಇನ್ನು ಯಾರು ಬೇಕಾದರೂ ಹೊಲ ಕೊಳ್ಳಬಹುದು ಎಂಬ ಮಾತು ಹಬ್ಬಿತು. ಅದು ರಾಜ್ಯದ ಕಾಯ್ದೆಯ ಮಾತು. ಕೇಂದ್ರದ ನಿಯಮದಂತೆ ಒಸಿಐ ಕಾರ್ಡಿನ ಬಲದ ಮೇಲೆ ಕೃಷಿ ಭೂಮಿ, ತೋಟದ ಮನೆ, ಪ್ಲಾಂಟೇಶನ್ ಖರೀದಿಸುವಂತಿಲ್ಲ. ಸಕಲೇಶಪುರದಲ್ಲಿ ನಾಲ್ಕೆಕರೆ ಕಾಫಿ ತೋಟ ಮಾಡಿಕೊಂಡಿರುವ ಕನಸು ಹೊತ್ತವರು ಮುಂಗಡ ಕೊಡುವ ಮೊದಲೇ ಇದನ್ನು ಅರಿಯಬೇಕು. ತಂದೆಯಿಂದ ಪಿತ್ರಾರ್ಜಿತವಾಗಿ ಬಂದ ಜಮೀನಿಗೆ ಈ ತೊಡಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ದೇಣಿಗೆಯ ಪ್ರಶ್ನೆ. ಮರಳಿ ಬಂದವರಲ್ಲಿ ಬಹಳಷ್ಟು ಮಂದಿಗೆ ತಾವು ಓದಿದ ಶಾಲೆಗೊಂದು ಕೊಠಡಿ, ಊರಿನ ಗ್ರಂಥಾಲಯಕ್ಕೆ ನಾಲ್ಕು ಕಪಾಟು ಪುಸ್ತಕ ಕೊಡುವ ಆಸೆ ಇರುತ್ತದೆ. ಆದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕಣ್ಣಿಗೆ ವಿದೇಶಿ ಪೌರನ ಹಣ ವಿದೇಶಿ ಹಣವೇ, ಆತ ಹುಟ್ಟಿದ್ದು ಅದೇ ಊರಿನಲ್ಲಾದರೂ ಸರಿ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಪಡೆಯದ ಸಂಸ್ಥೆ ಅದನ್ನು ಸ್ವೀಕರಿಸಿದರೆ ಸಿಕ್ಕಿಬೀಳುವುದು ಆ ಸಂಸ್ಥೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಕೊಟ್ಟ ಹಣಕ್ಕೆ ಈ ಅಡ್ಡಿಯಿಲ್ಲ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಚೆಕ್ಕು ಹಳ್ಳಿಯ ಸಣ್ಣ ಟ್ರಸ್ಟ್ ಒಂದನ್ನು ತೊಂದರೆಗೆ ತಳ್ಳಬಾರದು. ಇಲ್ಲೇ ಕಾಯಂ ನೆಲೆಸಿ ಇಲ್ಲೇ ತೆರಿಗೆ ಕಟ್ಟುವವರ ಸಣ್ಣ ಮೊತ್ತಕ್ಕಾದರೂ ವಿನಾಯಿತಿ ಕೊಡುವುದು ನ್ಯಾಯ ಎಂದು ನಾನು ನಂಬುತ್ತೇನೆ.

ತೆರಿಗೆ ಇಲಾಖೆಯ ಪ್ರಶ್ನೆ ಬೇರೆ: ನೀವು ಎಷ್ಟು ದಿನ ಇಲ್ಲಿದ್ದೀರಿ? ವರ್ಷದಲ್ಲಿ 182 ದಿನ ಇದ್ದರೆ ನಿವಾಸಿ. ದೀರ್ಘಕಾಲ ಹೊರಗಿದ್ದು ಬಂದವರ ವಿದೇಶಿ ಆದಾಯಕ್ಕೆ ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ ಇಲ್ಲಿ ತೆರಿಗೆ ಬೀಳದು, ಆಮೇಲೆ ಬೀಳುತ್ತದೆ. ಅಮೆರಿಕವಾದರೋ ತನ್ನ ಪೌರರನ್ನು ಎಲ್ಲಿದ್ದರೂ ಬಿಡುವುದಿಲ್ಲ. ಧಾರವಾಡದಲ್ಲಿ ಕುಳಿತಿದ್ದರೂ ಅಲ್ಲಿಗೆ ರಿಟರ್ನ್ ಸಲ್ಲಿಸಬೇಕು, ಹೊರದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್‌ಗಿಂತ ಹೆಚ್ಚಿದ್ದರೆ ವಿವರ ಕೊಡಬೇಕು. ಅಲ್ಲಿ ದುಡಿದು ಗಳಿಸಿದ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಇಲ್ಲಿಗೂ ಬರುತ್ತದೆ. ಮೆಡಿಕೇರ್ ಮಾತ್ರ ಇಲ್ಲಿನ ಆಸ್ಪತ್ರೆಯ ಬಿಲ್ಲು ಕಟ್ಟದು. ಎಪ್ಪತ್ತರ ಹೊಸ್ತಿಲಲ್ಲಿ ಹೊಸದಾಗಿ ಆರೋಗ್ಯ ವಿಮೆ ಹುಡುಕುವುದು ಸುಲಭವಲ್ಲ, ಆದ್ದರಿಂದ ಹೊರಡುವ ಮೊದಲೇ ಅದಕ್ಕೊಂದು ದಾರಿ ಮಾಡಿಕೊಳ್ಳಬೇಕು.

ಮಕ್ಕಳನ್ನು ಕರೆತರುವವರಿಗೆ 2021ರ ಮಾರ್ಚ್ 4ರ ಅಧಿಸೂಚನೆ ಮುಖ್ಯ. ಆ ಬಳಿಕ ಒಸಿಐ ಪಡೆದ ವಿದ್ಯಾರ್ಥಿಗಳು ನೀಟ್, ಜೆಇಇ ಬರೆದರೂ ಭಾರತೀಯರಿಗೇ ಮೀಸಲಾದ ಸೀಟು ಕೇಳುವಂತಿಲ್ಲ. ಅದಕ್ಕೂ ಮೊದಲು ಕಾರ್ಡ್ ಪಡೆದವರ ಹಕ್ಕನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದಿದೆ.

ಕಾರ್ಡ್ ಸರ್ಕಾರ ಕೊಟ್ಟ ಸವಲತ್ತು, ರದ್ದಾಗಲೂಬಹುದು. 2023ರಲ್ಲಿ ಕನ್ನಡ ಚಿತ್ರನಟ ಚೇತನ್ ಅವರ ಕಾರ್ಡ್ ರದ್ದಾದಾಗ ಅವರು ಹೈಕೋರ್ಟ್ ಮೆಟ್ಟಿಲೇರಿ ತಡೆಯಾಜ್ಞೆ ತರಬೇಕಾಯಿತು. ಆದ್ದರಿಂದ ಕೊನೆಯವರೆಗೂ ಇಲ್ಲೇ ಇರುವುದೆಂದು ನಿಶ್ಚಯಿಸಿದವರು ಭಾರತೀಯ ಪೌರತ್ವಕ್ಕೇ ಮರಳುವ ಬಗ್ಗೆ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ದಾರಿ ತೆರೆದಿದೆ: ಒಸಿಐ ಆಗಿ ಐದು ವರ್ಷ ಕಳೆದಿದ್ದು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸವಿದ್ದರೆ ಸಾಕು. ವಿದೇಶಿ ಪೌರತ್ವವನ್ನು ಬಿಟ್ಟುಕೊಡಬೇಕಾಗುತ್ತದೆ. ಆ 12 ತಿಂಗಳಲ್ಲಿ ವಿಶೇಷ ಕಾರಣವಿದ್ದರೆ ಸರ್ಕಾರ ಮನ್ನಿಸಬಹುದಾದ ಗೈರು ಹೆಚ್ಚೆಂದರೆ 30 ದಿನ. ಮೊಮ್ಮಕ್ಕಳನ್ನು ನೋಡಲು ಹೋಗಿಬರುವುದನ್ನು ಆ ವರ್ಷ ಶುರುವಾಗುವ ಮುನ್ನವೇ ಮುಗಿಸಿಕೊಳ್ಳುವುದು ಒಳಿತು.