ಬೇಲಿಯ ಈಶ್ವರ ಬಳ್ಳಿ ಉಳಿಯಲಿ

ಕರ್ನಾಟಕ ತನ್ನ ರಾಜ್ಯ ಚಿಟ್ಟೆಯೆಂದು ಗುರುತಿಸಿರುವ ಸದರ್ನ್ ಬರ್ಡ್‌ವಿಂಗ್ ಗಡಿ ನೋಡಿ ಹಾರುವುದಿಲ್ಲ. ಕಾಸರಗೋಡಿನ ತೋಟ, ಗುಡ್ಡೆಗಳಲ್ಲೂ ಅದಕ್ಕೆ ನೆಲೆಯಿದೆ. ಮಲಯಾಳಂನಲ್ಲಿ ಗರುಡ ಶಲಭವೆನ್ನುವುದು ಇದನ್ನೇ. 2018ರಲ್ಲಿ ಕೇರಳ ಬುದ್ಧಮಯೂರಿಯನ್ನು ತನ್ನ ಚಿಟ್ಟೆಯಾಗಿ ಆರಿಸಿಕೊಂಡಿತೆಂದು ಇದೇನೂ ಜಾಗ ಬಿಟ್ಟು ಹೋಗಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ. ದೂರದಿಂದ ಹಕ್ಕಿಯೇ ಅನ್ನಿಸಬೇಕು. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊಳೆಯುವ ಚಿನ್ನದ ಹಳದಿ. ಆ ಹಳದಿಯ ಮೇಲೆ ದಪ್ಪ ಕಪ್ಪು ಬೊಟ್ಟುಗಳ ಸಾಲಿದ್ದರೆ ಹೆಣ್ಣು. ಅಂಚಿನಲ್ಲಿ ಮಾತ್ರ ಕಪ್ಪಿದ್ದರೆ ಗಂಡು.

ಇದರ ಮರಿಹುಳು ಕಂಡದ್ದನ್ನೆಲ್ಲ ತಿನ್ನುವುದಿಲ್ಲ. ಈಶ್ವರ ಬಳ್ಳಿ ಮತ್ತು ಅದರ ಹತ್ತಿರದ ಜಾತಿಯ ಗಿಡಗಳೇ ಬೇಕು. ಆ ಎಲೆಯ ವಿಷ ಮೈಗೂಡಿ, ಚಿಟ್ಟೆಯಾದ ಮೇಲೂ ಹಕ್ಕಿಗಳಿಂದ ಕಾಯುತ್ತದೆ. ಬಳ್ಳಿ ಹೋದರೆ ಚಿಟ್ಟೆಯೂ ಹೋಯಿತು. ಈಗಂತೂ ಬೇಲಿಬದಿಯ ಬಲ್ಲೆಯೆಂದರೆ ಯಂತ್ರ ಹಿಡಿದು ಸವರುವುದು, ಇಲ್ಲವೇ ಕಳೆನಾಶಕ ಹೊಡೆಯುವುದು. ಮಿಕ್ಕದ್ದನ್ನು ಹಾವಿನ ಮದ್ದೆಂದು ಬೇರು ಸಮೇತ ಅಗೆಯುವವರೂ ಇದ್ದಾರೆ. ಹಾವು ಕಚ್ಚಿದರೆ ಓಡಬೇಕಾದ್ದು ಆಸ್ಪತ್ರೆಗೆ. ಈ ಬೇರಿನಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನೇ ಕೆಡಿಸುವಂಥದ್ದು. ಇನ್ನು, ಸಿಂಪಡಿಸಿದ ವಿಷ ಎಲ್ಲಿವರೆಗೆ ಮುಟ್ಟುತ್ತದೆಂದು ಎಂಡೋಸಲ್ಫಾನ್ ಕಂಡ ಎಣ್ಮಕಜೆಯವರಿಗೆ ಬೇರೆ ಹೇಳಿಕೊಡಬೇಕೇ?

ತೋಟವನ್ನು ಕಾಡು ಮಾಡಿ ಅಂತ ಯಾರೂ ಹೇಳುತ್ತಿಲ್ಲ. ತೋಡಿನ ಬದಿಯಲ್ಲೋ ಬೇಲಿಯ ಮೂಲೆಯಲ್ಲೋ ನಾಲ್ಕು ಬಳ್ಳಿಗೆ ಜಾಗ ಬಿಟ್ಟರಾಯಿತು. ಕೆಲಸದಾಳುಗಳಿಗೂ ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳಿಗೂ ಬಳ್ಳಿಯ ಗುರುತು ತೋರಿಸಿಕೊಡುವುದನ್ನು ಮುಂದಿನ ಮಳೆಗಾಲದ ಸವರುವಿಕೆಗೆ ಮೊದಲೇ ಶುರು ಮಾಡಬೇಕು.