ಯಾರು ಫೋರ್‌ಟ್ವೆಂಟಿ?

‘ಅವನೊಬ್ಬ ಫೋರ್‌ಟ್ವೆಂಟಿ’ ಎಂದರೆ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 420ನೇ ಕಲಮು, ವಂಚಿಸಿ ಅಪ್ರಾಮಾಣಿಕವಾಗಿ ಸ್ವತ್ತು ಪಡೆದವರಿಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸುತ್ತಿತ್ತು. ಆ ಸಂಖ್ಯೆ ಕೋರ್ಟಿನಿಂದ ಸಂತೆಗೆ ಬಂದು ಬೈಗುಳವಾಯಿತು. 1955ರಲ್ಲಿ ರಾಜ್ ಕಪೂರ್ ಚಿತ್ರದ ಹೆಸರಿಗೂ ಸೇರಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ ಆ ಅಪರಾಧ 318ನೇ ಕಲಮಿಗೆ ಹೋಗಿದ್ದರೂ ಜನರ ಬಾಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದೆ.

ಸಂಖ್ಯೆ ಉಳಿಯಿತು, ಕಾನೂನಿನ ವಿವೇಕ ಮಾತ್ರ ನಮ್ಮ ಮಾತಿಗೆ ಇಳಿಯಲಿಲ್ಲ ಎಂಬುದು ನನ್ನ ಕೊರಗು. ಹಳೆಯ ಸಂಹಿತೆಯ 415ನೇ ಕಲಮಿನಡಿ ನೀಲಿ ಗಿಡದ ಒಂದು ಉದಾಹರಣೆಯಿತ್ತು. ಕೊಡುವ ಮನಸ್ಸೇ ಇಲ್ಲದೆ, ಇಷ್ಟು ನೀಲಿ ಗಿಡ ಕೊಡುತ್ತೇನೆಂದು ನಂಬಿಸಿ ಮುಂಗಡ ಪಡೆದವನು ವಂಚಕ. ಹಣ ಪಡೆಯುವಾಗ ಕೊಡುವ ಮನಸ್ಸಿದ್ದು, ಆಮೇಲೆ ಕರಾರು ಮುರಿದವನು ವಂಚಕನಲ್ಲ. ಅವನ ಮೇಲೆ ಸಿವಿಲ್ ದಾವೆ ಹೂಡಬಹುದು, ಅಷ್ಟೆ. ಮೋಸದ ಉದ್ದೇಶ ಮೊದಲಿನಿಂದಲೇ ಇತ್ತೇ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ ಕೂಡ ಮತ್ತೆ ಮತ್ತೆ ಹೇಳಿದೆ.

ನಾವು ಅಷ್ಟು ತಾಳುವುದಿಲ್ಲ. ಕೊಳವೆಬಾವಿ ಬತ್ತಿ, ಬೆಳೆ ಒಣಗಿ ಕೈಸಾಲ ತೀರಿಸಲಾಗದ ರೈತನೂ ಫೋರ್‌ಟ್ವೆಂಟಿ, ಓಣಿಯವರ ಚೀಟಿ ಹಣವನ್ನೆಲ್ಲ ಬಾಚಿಕೊಂಡು ರಾತ್ರೋರಾತ್ರಿ ಊರು ಬಿಟ್ಟವನೂ ಫೋರ್‌ಟ್ವೆಂಟಿ. ಮರ್ಯಾದೆಗೆ ಅಂಜುವ ರೈತನನ್ನು ಆ ಮಾತು ಒಳಗೊಳಗೇ ಕೊಲ್ಲುತ್ತದೆ. ಓಡಿಹೋದವನ ಕಿವಿಗೆ ಅದು ಬೀಳುವುದೂ ಇಲ್ಲ. ಅವನಂಥವರನ್ನು ‘ಭಾರೀ ಚಾಲಾಕಿ’ ಎಂದು ಮೆಚ್ಚುವವರೂ ಇದ್ದಾರೆ.

ಮೋಸ ಹೋದವರ ಪಾಡು ಇನ್ನೂ ಕಷ್ಟ. ‘ಟೋಪಿ ಹಾಕಿಸಿಕೊಂಡ’, ‘ಚೆನ್ನಾಗಿ ನಾಮ ತಿಕ್ಕಿಸಿಕೊಂಡ’ ಎಂದು ನಗುವಾಗ ತಪ್ಪೆಲ್ಲ ಕಳೆದುಕೊಂಡವನದೇ ಎಂಬಂತಾಗುತ್ತದೆ. ಈ ನಗುವಿಗೆ ಬೆಲೆ ತೆರಬೇಕಾಗುತ್ತದೆ. ಫೋನಿನಲ್ಲಿ ನಂಬಿಸಿ ಖಾತೆ ಬರಿದು ಮಾಡಿದಾಗ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶವಿರುತ್ತದೆ. ಹೊತ್ತು ಕಳೆದಷ್ಟೂ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಕೈಗೆ ಸಿಗದಂತಾಗುತ್ತದೆ. ಪಿಂಚಣಿ ಹಣ ಕಳೆದುಕೊಂಡ ಹಿರಿಯರೊಬ್ಬರು ಮಕ್ಕಳು ಬೈದಾರು, ನೆರೆಯವರು ನಕ್ಕಾರು ಎಂದು ಬಾಯಿ ಮುಚ್ಚಿ ಕೂತರೆ, ವಂಚಕನಿಗೆ ಬೇಕಾದ ಸಮಯವನ್ನು ಒದಗಿಸಿಕೊಟ್ಟವರು ಹಾಗೆ ನಗುವ ನಾವೇ.